ದಾವಣಗೆರೆಗೆ ವಿಮಾನ ನಿಲ್ದಾಣ ಬಂದರೆ ಪಕ್ಕದ ಬಡಾವಣೆಗಳಲ್ಲಿ ಶಬ್ದ ಎಷ್ಟಿರುತ್ತದೆ? ಅದನ್ನು ನಿಯಂತ್ರಿಸುವವರು ಯಾರು?

ವಿಮಾನ ನಿಲ್ದಾಣ ಬಂದೇ ಬರುತ್ತದೆ ಎಂಬ ಮಾತನ್ನು ನಂಬಿ ಊರ ಹೊರಗೆ ನಿವೇಶನ ಕೊಳ್ಳಲು ಯೋಚಿಸಿರುವ ನೀವು, ಎಷ್ಟು ಕಿಲೋಮೀಟರ್ ದೂರವಿದ್ದರೆ ಶಬ್ದದ ಕಾಟ ತಪ್ಪುತ್ತದೆ, ಕಾಟವಾದರೆ ಯಾರನ್ನು ಕೇಳಬೇಕು ಎಂದು ವಿಚಾರಿಸಿದ್ದೀರಿ. ನಾನು ದಾವಣಗೆರೆಯವನು, ಬೇರೆ ರಾಜ್ಯದ ಸಣ್ಣ ವಿಮಾನ ನಿಲ್ದಾಣವೊಂದರ ಕಾರ್ಯಾಚರಣೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ನನ್ನನ್ನು ಕೇಳಿದರೆ ದೂರದ ಲೆಕ್ಕವನ್ನು ಬದಿಗಿಟ್ಟು, ರನ್‌ವೇ ಯಾವ ದಿಕ್ಕಿಗೆ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ ಎನ್ನುತ್ತೇನೆ.

ವಿಮಾನಗಳು ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿಯೇ ಏರುತ್ತವೆ, ಎದುರಾಗಿಯೇ ಇಳಿಯುತ್ತವೆ. ನಮ್ಮ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಎಷ್ಟು ಬಿರುಸಾಗಿರುತ್ತದೆ ಎಂಬುದನ್ನು ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಹೇಳುತ್ತವೆ. ಚಳಿಗಾಲದಲ್ಲಿ ಗಾಳಿ ಮೂಡಣಕ್ಕೆ ತಿರುಗುತ್ತದೆ. ಹಾಗಾಗಿ ಇಲ್ಲಿ ರನ್‌ವೇ ಆದರೆ ಅದು ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿಯೇ ಇರುವ ಸಂಭವ ಹೆಚ್ಚು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ಹಾಗೆಯೇ ಇವೆ. ಮಳೆಗಾಲದಲ್ಲಿ ವಿಮಾನಗಳು ಪೂರ್ವದ ಹಳ್ಳಿಗಳ ಮೇಲಿನಿಂದ ಇಳಿದು ಪಶ್ಚಿಮದ ಕಡೆಗೆ ಏರುತ್ತವೆ, ಚಳಿಗಾಲದಲ್ಲಿ ಇದು ಅದಲುಬದಲಾಗುತ್ತದೆ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುವುದರಿಂದ ರನ್‌ವೇಯ ತುದಿಗೆ ಇನ್ನೂ 5 ಕಿಲೋಮೀಟರ್ ಇರುವಾಗಲೇ ಅದು ನೆಲದಿಂದ 300 ಮೀಟರಿಗಿಂತ ಕೆಳಗಿರುತ್ತದೆ. ಅಂದರೆ ರನ್‌ವೇಯ ನೇರಕ್ಕೆ 5 ಕಿಲೋಮೀಟರ್ ಆಚೆಗಿರುವ ಮನೆಯವರಿಗೆ ಕೇಳಿಸುವಷ್ಟು ಶಬ್ದ, ಅದರ ಉತ್ತರಕ್ಕೋ ದಕ್ಷಿಣಕ್ಕೋ ಬರೀ 2 ಕಿಲೋಮೀಟರ್ ದೂರದಲ್ಲಿರುವವರಿಗೆ ಕೇಳಿಸದೆ ಇರಬಹುದು.

ಇನ್ನು ಕಾನೂನಿನ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಿಮಾನ ನಿಲ್ದಾಣಗಳ ವಲಯಕ್ಕೆ ಕೇಂದ್ರ ಪರಿಸರ ಸಚಿವಾಲಯ 2018ರಲ್ಲಿ ಬೇರೆಯೇ ಮಿತಿಗಳನ್ನು ಗೊತ್ತುಪಡಿಸಿತು: ವರ್ಷಕ್ಕೆ 50,000ಕ್ಕಿಂತ ಹೆಚ್ಚು ಬಾರಿ ವಿಮಾನಗಳು ಏರಿಳಿಯುವ ನಿಲ್ದಾಣಗಳಿಗೆ ಹಗಲು 70, ರಾತ್ರಿ 65, ಉಳಿದವಕ್ಕೆ ಹಗಲು 65, ರಾತ್ರಿ 60. ಇವೆಲ್ಲವೂ ಸರಾಸರಿ ಅಂಕಿಗಳು ಎಂಬುದನ್ನು ಮರೆಯಬಾರದು, ಏಕೆಂದರೆ ಸಣ್ಣ ನಿಲ್ದಾಣದ ತಕರಾರುಗಳೆಲ್ಲ ಹುಟ್ಟುವುದು ಇಲ್ಲಿಯೇ. ಒಂದು ಲೆಕ್ಕ ಮಾಡಿ ನೋಡೋಣ. ನಿಮ್ಮ ಮನೆಯ ಮೇಲೆ ಹಗಲಿನಲ್ಲಿ 6 ವಿಮಾನಗಳು ಹಾದು, ಪ್ರತಿಯೊಂದೂ 20 ಸೆಕೆಂಡು 80 ಡೆಸಿಬಲ್ ಸದ್ದು ಮಾಡಿದರೆ, ಆ ವಿಮಾನಗಳಿಂದ 16 ಗಂಟೆಗಳಿಗೆ ಬರುವ ಸರಾಸರಿ ಸುಮಾರು 53 ಡೆಸಿಬಲ್ ಮಾತ್ರ. ನಡುರಾತ್ರಿ ಅಂಥದೇ ಒಂದು ವಿಮಾನ ಹಾದುಹೋಗಿ ಮನೆಮಂದಿಯನ್ನೆಲ್ಲ ಎಬ್ಬಿಸಿದರೂ ರಾತ್ರಿಯ 8 ಗಂಟೆಗಳ ಸರಾಸರಿ 48ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ, ಮಿತಿಯಾದರೋ 60. ನಿವಾಸಿಗಳು ನಿದ್ದೆ ಕೆಟ್ಟಿತು ಎನ್ನುವುದೂ, ನಿಲ್ದಾಣದವರು ಮಿತಿ ಮೀರಿಲ್ಲ ಎನ್ನುವುದೂ ಏಕಕಾಲಕ್ಕೆ ನಿಜವಾಗಿರುವ ಇಂಥ ಸಭೆಗಳಲ್ಲಿ ನಾನು ಕುಳಿತಿದ್ದೇನೆ, ಮತ್ತು ಅವು ಯಾವುದೇ ತೀರ್ಮಾನಕ್ಕೆ ಬಾರದೆ ಮುಗಿಯುವುದನ್ನು ಕಂಡಿದ್ದೇನೆ. ಆದಕಾರಣ ಡೆಸಿಬಲ್ ಹಿಡಿದು ವಾದಿಸುವುದಕ್ಕಿಂತ ವೇಳಾಪಟ್ಟಿಯನ್ನು ಹಿಡಿದು ಮಾತನಾಡುವುದು ಮೇಲು. ಶಿವಮೊಗ್ಗದಲ್ಲಿ 2023ರ ಆಗಸ್ಟ್‌ನಲ್ಲಿ ವಿಮಾನ ಸಂಚಾರ ಆರಂಭವಾದಾಗ ರಾತ್ರಿ ಇಳಿಯುವ ವ್ಯವಸ್ಥೆಯೇ ಇರಲಿಲ್ಲ. ಅಂಥ ನಿಲ್ದಾಣದ ನೆರೆಯವರ ಬದುಕು ಬದಲಾಗುವುದು ರನ್‌ವೇಗೆ ರಾತ್ರಿ ದೀಪಗಳು ಬಂದಾಗ.

ಸಣ್ಣ ನಿಲ್ದಾಣಗಳಲ್ಲಿ ಜನರನ್ನು ಹೆಚ್ಚು ಕಾಡುವುದು ಪ್ರಯಾಣಿಕರ ವಿಮಾನಗಳೇ ಆಗಿರಬೇಕೆಂದಿಲ್ಲ. ಸುಮಾರು 70 ಆಸನಗಳ ಎಟಿಆರ್ ವಿಮಾನ ಬಂದು ಹೋಗುವುದು ಕೆಲವು ನಿಮಿಷಗಳ ಮಾತು. ಆದರೆ ವೈಮಾನಿಕ ತರಬೇತಿ ಶಾಲೆಯೊಂದು ಅಲ್ಲಿ ನೆಲೆಯೂರಿದರೆ, ಕಲಿಯುವವರು ಏರಿ, ಸುತ್ತು ಹಾಕಿ, ನೆಲ ಮುಟ್ಟಿ ಮತ್ತೆ ಏರುವ ಅಭ್ಯಾಸವನ್ನು ಸುಮಾರು 300 ಮೀಟರ್ ಎತ್ತರದಲ್ಲಿ ಗಂಟೆಗಟ್ಟಲೆ ನಡೆಸುತ್ತಾರೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಇಂಥ ಶಾಲೆಗಳಿಗೆ ಆಯ್ದ ಐದು ನಿಲ್ದಾಣಗಳಲ್ಲಿ ನಮ್ಮ ಬೆಳಗಾವಿ ಮತ್ತು ಕಲಬುರಗಿ ಎರಡೂ ಇದ್ದವು. ಪ್ರಯಾಣಿಕರು ಕಡಿಮೆಯಿರುವ ನಿಲ್ದಾಣಕ್ಕೆ ಅದು ಆದಾಯದ ದಾರಿ, ಅದನ್ನು ತಪ್ಪೆನ್ನಲಾರೆ. ಆದರೆ ಸುತ್ತು ಹಾಕುವ ಮಾರ್ಗ ಊರಿಲ್ಲದ ಬದಿಗೆ ಇರುವಂತೆ ಮೊದಲೇ ಗೊತ್ತುಪಡಿಸಬೇಕು. ದುರಸ್ತಿಯ ನಂತರ ಎಂಜಿನನ್ನು ನೆಲದ ಮೇಲೆಯೇ ಪೂರ್ಣ ಬಲದಲ್ಲಿ ಓಡಿಸಿ ನೋಡುವ ಜಾಗ ಮತ್ತು ಹೊತ್ತಿನ ಬಗ್ಗೆಯೂ ಇದೇ ಮಾತು.

ಜವಾಬ್ದಾರಿ ಯಾರದು ಎಂಬ ಪ್ರಶ್ನೆಗೆ ಒಂದೇ ಹೆಸರು ಹೇಳಿ ಮುಗಿಸುವಂತಿಲ್ಲ. ಹಾರಾಟದ ನಿಯಮಗಳು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕೈಯಲ್ಲಿ, ಆಯಾ ಹೊತ್ತಿನ ದಿಕ್ಕು ಸಂಚಾರ ನಿಯಂತ್ರಕರ ಕೈಯಲ್ಲಿ, ಎಂಜಿನ್ ಪರೀಕ್ಷೆಯಂಥ ನೆಲದ ವಿಷಯಗಳು ನಿಲ್ದಾಣ ನಡೆಸುವವರ ಕೈಯಲ್ಲಿ ಇರುತ್ತವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2001ರಲ್ಲಿ ಒಪ್ಪಿದ ನೀತಿಯು ಶಬ್ದ ತಗ್ಗಿಸಲು ನಾಲ್ಕು ದಾರಿಗಳನ್ನು ಹೇಳುತ್ತದೆ: ಕಡಿಮೆ ಸದ್ದಿನ ವಿಮಾನ, ಸುತ್ತಲಿನ ಭೂಬಳಕೆಯ ಯೋಜನೆ, ಹಾರಾಟದ ವಿಧಾನ, ಕೊನೆಗೆ ಹಾರಾಟದ ಮೇಲೆ ನಿರ್ಬಂಧ. ಇವುಗಳಲ್ಲಿ ನಮ್ಮ ಊರಿನ ಮಟ್ಟದಲ್ಲಿ ಕೈಗೆಟಕುವುದು ಎರಡನೆಯದು, ಅಂದರೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆ. ರನ್‌ವೇಯ ಎರಡೂ ತುದಿಗಳ ನೇರಕ್ಕೆ ಗೋದಾಮು, ಕೈಗಾರಿಕೆ, ಬೇಸಾಯಕ್ಕಷ್ಟೇ ಅವಕಾಶವಿಟ್ಟು ವಸತಿ ಬಡಾವಣೆ, ಶಾಲೆ, ಆಸ್ಪತ್ರೆಗಳಿಗೆ ಅನುಮತಿ ನಿರಾಕರಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ನಿಲ್ದಾಣ ಪ್ರಾಧಿಕಾರ ಕೊಡುವ ಎತ್ತರದ ನಿರಾಕ್ಷೇಪಣಾ ಪತ್ರವನ್ನು ತೋರಿಸಿ ಇಲ್ಲಿ ಎಲ್ಲ ಸರಿಯಿದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಕಟ್ಟಡ ವಿಮಾನಕ್ಕೆ ಅಡ್ಡಬರುವುದಿಲ್ಲ ಎಂದು ಹೇಳುತ್ತದೆಯೇ ಹೊರತು ಶಬ್ದದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಯೋಜನೆ ನಿಜವಾಗಿ ಮುಂದುವರಿದರೆ 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾಗುತ್ತದೆ. ಅದಕ್ಕೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರುತ್ತದೆ, ಯೋಜನೆಯಿಂದ ಪರಿಸರದ ಮೇಲಾಗುವ ಪರಿಣಾಮದ ವರದಿಯ ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗುತ್ತದೆ. ಎರಡೂ ಗಾಳಿ ದಿಕ್ಕುಗಳಿಗೆ ಪ್ರತ್ಯೇಕವಾದ ಶಬ್ದ ನಕ್ಷೆ ಕೊಡಿ, ರಾತ್ರಿ 10ರಿಂದ ಬೆಳಗಿನ 6ರವರೆಗೆ ಎಷ್ಟು ವಿಮಾನಗಳ ನಿರೀಕ್ಷೆಯಿದೆ ತಿಳಿಸಿ, ತರಬೇತಿ ಶಾಲೆ ಬರುವುದೇ ಸ್ಪಷ್ಟಪಡಿಸಿ ಎಂದು ಲಿಖಿತವಾಗಿ ಕೇಳಿ, ಉತ್ತರ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ರನ್‌ವೇಯ ಗುರುತು ನಕ್ಷೆಯ ಮೇಲೆ ಬೀಳುವವರೆಗೆ ನಿವೇಶನದ ಮುಂಗಡ ಕೊಡದಿರುವುದು ಒಳ್ಳೆಯದು. ಕಾಯಲಾಗದು ಎಂದಾದರೆ, ಹೇಳಲಾಗುತ್ತಿರುವ ಜಮೀನಿನ ಪೂರ್ವ ಮತ್ತು ಪಶ್ಚಿಮಗಳನ್ನು ಬಿಟ್ಟು ಉತ್ತರಕ್ಕೋ ದಕ್ಷಿಣಕ್ಕೋ ನೋಡಿ.