ಮೀನು ಮೊಟ್ಟೆಯಿಡುವ ಕಾಲ ಹೇಗೆ ತಿಳಿಯುತ್ತದೆ? ಮಳೆಗಾಲದಲ್ಲೇ ಮೀನುಗಾರಿಕೆ ನಿಷೇಧ ಏಕೆ?

ಮುಖ್ಯವಾಗಿ ಮೀನಿನ ಹೊಟ್ಟೆ ಸೀಳಿ ನೋಡಿಯೇ ತಿಳಿಯುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಂಥ ಸಂಸ್ಥೆಗಳ ತಜ್ಞರು ಬಂದರಿಗೆ ಬರುವ ಬೂತಾಯಿ, ಬಂಗುಡೆಗಳ ಮಾದರಿಗಳನ್ನು ನಿಯಮಿತವಾಗಿ ಪಡೆದು, ಉದ್ದ ಅಳೆದು, ಅಂಡಾಶಯವನ್ನು ಬೇರ್ಪಡಿಸಿ ತೂಗುತ್ತಾರೆ. ದೇಹದ ತೂಕದಲ್ಲಿ ಅಂಡಾಶಯದ ಪಾಲು ತಿಂಗಳಿಂದ ತಿಂಗಳಿಗೆ ಏರುತ್ತ ಹೋಗಿ ಆಮೇಲೆ ಥಟ್ಟನೆ ಇಳಿದರೆ, ಆ ಮೀನುಗಳು ಮೊಟ್ಟೆಯಿಟ್ಟಾಗಿದೆ ಎಂದರ್ಥ. ಬಲಿತ ಅಂಡಾಶಯದಲ್ಲಿ ಅರೆಪಾರದರ್ಶಕ ಮೊಟ್ಟೆಗಳು ಬರಿಗಣ್ಣಿಗೇ ಕಾಣುತ್ತವೆ.

ಬೂತಾಯಿಯಲ್ಲಿ ಈ ಏರಿಳಿತ ಮುಂಗಾರಿನೊಂದಿಗೆ ಹೊಂದಿಕೊಂಡಿದೆ. ಮುಂಗಾರು ಗಾಳಿಯ ಪ್ರಭಾವದಿಂದ ಕರಾವಳಿಯ ಮೇಲ್ಪದರದ ನೀರು ಆಚೆ ಸರಿದಾಗ, ತಳದ ತಣ್ಣನೆಯ, ಪೋಷಕಾಂಶಭರಿತ ನೀರು ಮೇಲೇರಿ ಸೂಕ್ಷ್ಮಜೀವಿಗಳು ಹೇರಳವಾಗುವುದರಿಂದ, ಮರಿಗಳಿಗೆ ಹುಟ್ಟುತ್ತಲೇ ಆಹಾರ ಸಿಗುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳನ್ನು ತಡೆಯುವುದಕ್ಕೆ ಇದೊಂದು ಮುಖ್ಯ ಕಾರಣ. ಒರಟು ಕಡಲಿನ ಅಪಾಯ ಇನ್ನೊಂದು.

ಆದರೆ ಎಲ್ಲ ಜಾತಿಗಳೂ ಈ ಎರಡೇ ತಿಂಗಳಲ್ಲಿ ಮೊಟ್ಟೆಯಿಡುವುದಿಲ್ಲ. ಆದ್ದರಿಂದ ಬಲೆಯ ಕಣ್ಣಿನ ಗಾತ್ರ ಮತ್ತು ಹಿಡಿಯಬಹುದಾದ ಕನಿಷ್ಠ ಉದ್ದದ ನಿಯಮಗಳು, ನನ್ನ ಮಟ್ಟಿಗೆ, ನಿಷೇಧದಷ್ಟೇ ಮುಖ್ಯ.