ಎಂಟು ವರ್ಷ ಬೀಗ ಹಾಕಿದ್ದ ಅಜ್ಜನ ಮನೆಗೆ ಮತ್ತೆ ಕರೆಂಟ್ ಪಡೆಯುವುದು ಹೇಗೆ?

ಅಜ್ಜ ತೀರಿಕೊಂಡ ಮೇಲೆ ಊರಿನ ಮನೆ ಎಂಟು ವರ್ಷದಿಂದ ಖಾಲಿ ಇದೆ, ಲೈನ್‌ಮನ್ ಫ್ಯೂಸ್ ಕಿತ್ತುಕೊಂಡು ಹೋಗಿದ್ದಾರೆ, ಬಾಕಿ ಎಷ್ಟಿದೆಯೋ ಗೊತ್ತಿಲ್ಲ, ತಲೆನೋವೇ ಬೇಡ ಎಂದು ಹೊಸ ಕನೆಕ್ಷನ್‌ಗೆ ಅರ್ಜಿ ಹಾಕಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ. ಮೊದಲು ಹಳೆಯ ಸಂಪರ್ಕ ವಿದ್ಯುತ್ ಕಂಪನಿಯ ಪುಸ್ತಕದಲ್ಲಿ ಇನ್ನೂ ಉಳಿದಿದೆಯೇ ನೋಡಿ. ಮೂರು ವರ್ಷದ ಹಿಂದೆ ಮಲೆನಾಡಿನ ನಮ್ಮ ತಾಯಿಯ ತವರುಮನೆಗೆ ಇದೇ ಕೆಲಸ ಮಾಡಿಸಿದ್ದೇನೆ. ಅದು ಹನ್ನೊಂದು ವರ್ಷ ಮುಚ್ಚಿದ್ದ ಹಂಚಿನ ಮನೆ.

ನಿಮಗೆ ಬೇಕಾದದ್ದು ಆರ್.ಆರ್. ನಂಬರ್, ಅಂದರೆ ಕಂಪನಿಯ ಲೆಕ್ಕದಲ್ಲಿ ಆ ಮನೆಯ ಸಂಪರ್ಕಕ್ಕೆ ಕೊಟ್ಟಿರುವ ಸಂಖ್ಯೆ. ಹಳೆಯ ಬಿಲ್ ಸಿಗದಿದ್ದರೆ ಮೀಟರ್ ಬೋರ್ಡಿನ ಮೇಲೆ, ಇಲ್ಲವೇ ಬಾಗಿಲ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಸುಣ್ಣ ಬಳಿದು ಮುಚ್ಚಿಹೋಗಿದ್ದರೆ ಪಕ್ಕದ ಮನೆಯವರ ನಂಬರ್ ಹಿಡಿದು ಹೋಗಿ. ಕಂಪನಿಯ ಶಾಖಾ ಕಚೇರಿಯಲ್ಲಿ ಊರಿನ ಪಟ್ಟಿ ತೆಗೆದರೆ ಅಜ್ಜನ ಹೆಸರು ಅಕ್ಕಪಕ್ಕದಲ್ಲೇ ಸಿಗುತ್ತದೆ. ನಂಬರ್ ಸಿಕ್ಕ ಕೂಡಲೇ ಎರಡು ಪ್ರಶ್ನೆ ಕೇಳಿ: ಸಂಪರ್ಕ ಬರೀ ಕಡಿತಗೊಂಡಿದೆಯೋ, ಪೂರ್ತಿ ರದ್ದಾಗಿದೆಯೋ? ಅಜ್ಜ ಕಟ್ಟಿದ್ದ ಠೇವಣಿ ಎಷ್ಟಿದೆ? ಬರೀ ಕಡಿತವಾಗಿದ್ದರೆ ಬಾಕಿ ಮತ್ತು ಮರುಜೋಡಣೆ ಶುಲ್ಕ ಕಟ್ಟಿದರೆ ಮುಗಿಯಿತು. ರದ್ದಾಗಿದ್ದರೆ ಹೊಸ ಅರ್ಜಿಯೇ ಗತಿ.

ಹಳೆಯದನ್ನೇ ಹಿಡಿದುಕೊಳ್ಳಿ ಎನ್ನಲು ಕಾರಣವಿದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪಿನ ನಂತರ, ಹೊಸ ಸಂಪರ್ಕ ಬೇಕಾದರೆ ನಕ್ಷೆ ಮಂಜೂರಾತಿ, ಕಟ್ಟಡ ನಕ್ಷೆಯಂತೆಯೇ ಇದೆ ಎನ್ನುವ ಸ್ವಾಧೀನಾನುಭವ ಪತ್ರ ತೋರಿಸಿ ಎಂದು ಕೇಳುವುದು ಶುರುವಾಯಿತು. 2025ರಲ್ಲಿ ರಾಜ್ಯದಲ್ಲಿ ಎಷ್ಟೋ ಮನೆಗಳು ಅದಕ್ಕಾಗಿ ಕಾದು ಕುಳಿತವು. ಮುಂದೆ ಕೆಲವಕ್ಕೆ ವಿನಾಯಿತಿ ಸಿಕ್ಕಿತು, ನಿಜ. ಆದರೂ ಅಜ್ಜ ಮಣ್ಣಿನ ಗೋಡೆ ಎಬ್ಬಿಸಿ ಕಟ್ಟಿದ ಮನೆಗೆ ಮಂಜೂರಾದ ನಕ್ಷೆ ಎಲ್ಲಿಂದ ತರುತ್ತೀರಿ? ಹಳೆಯ ನಂಬರ್ ಉಳಿದಿದ್ದರೆ ಈ ಮಾತೇ ಬರುವುದಿಲ್ಲ.

ಇನ್ನು ಬಾಕಿ. ಎರಡು ವರ್ಷ ಕಳೆದರೆ ಬಾಕಿ ಮನ್ನಾ ಎಂದು ಇಲ್ಲೇ ಯಾರೋ ನಿಮಗೆ ಹೇಳಿದ್ದಾರೆ. ಅದನ್ನು ನಂಬಿ ಕೂರಬೇಡಿ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನಲ್ಲಿ ಎರಡು ವರ್ಷದ ಮಾತಿದೆ, ಆದರೆ ಬಿಲ್‌ನಲ್ಲಿ ಅದನ್ನು ಬಾಕಿ ಎಂದು ತೋರಿಸುತ್ತಲೇ ಬಂದಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಹಳೆಯ ಮಾಲೀಕರ ಬಾಕಿ ತೀರಿಸಿದರೆ ಮಾತ್ರ ಹೊಸ ಸಂಪರ್ಕ ಎಂದು ಕಂಪನಿ ಷರತ್ತು ಹಾಕಬಹುದು ಎಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಹೊಸ ಅರ್ಜಿ ಹಾಕಿದರೂ ಹಳೆಯ ಬಾಕಿಯಿಂದ ತಪ್ಪಿಸಿಕೊಳ್ಳಲು ಆಗಲಿಕ್ಕಿಲ್ಲ.

ಆದರೆ ಅವರು ಹೇಳಿದಷ್ಟನ್ನೂ ಕಣ್ಣುಮುಚ್ಚಿ ಕಟ್ಟಬೇಡಿ. ಲೆಡ್ಜರ್ ಪ್ರತಿ ಕೇಳಿ ಪಡೆಯಿರಿ. ನಮ್ಮ ಲೆಕ್ಕದಲ್ಲಿ ಮನೆಗೆ ಬೀಗ ಬಿದ್ದ ಮೇಲೂ ಹದಿನಾಲ್ಕು ತಿಂಗಳು ‘ಡೋರ್ ಲಾಕ್’ ಎಂದು ಸರಾಸರಿ ಯೂನಿಟ್ ಹಾಕಿ ಬಿಲ್ ಮಾಡಿದ್ದರು. ಮೀಟರ್ ಜಗಲಿಯ ಒಳಗಿತ್ತು, ಓದಲು ಬಂದವರಿಗೆ ಕಾಣುತ್ತಿರಲಿಲ್ಲ. ನಾನು ಮೀಟರಿನ ಗಾಜು ಒರೆಸಿ, ನಂಬರ್ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದು ಅರ್ಜಿಯ ಜೊತೆ ಕೊಟ್ಟೆ. ಮೀಟರ್ ನಿಂತಿದ್ದ ಅಂಕಿಗೂ ಲೆಡ್ಜರಿನ ಅಂಕಿಗೂ ಆರುನೂರು ಯೂನಿಟ್ ವ್ಯತ್ಯಾಸ. ಎರಡು ವಾರ ಓಡಾಡಬೇಕಾಯಿತು, ಆದರೆ ಆ ಆರುನೂರು ಯೂನಿಟ್ಟಿನ ದುಡ್ಡು, ಅದರ ಮೇಲಿನ ಬಡ್ಡಿ ಎರಡನ್ನೂ ತೆಗೆದರು. ನಿಗದಿತ ಶುಲ್ಕ ಮಾತ್ರ ಉಳಿಯಿತು. ಅದು ಕರೆಂಟ್ ಉರಿಸದಿದ್ದರೂ ಸಂಪರ್ಕ ಇರುವ ತನಕ ಬೀಳುವಂಥದ್ದು. ಠೇವಣಿಗೆ ವರ್ಷವರ್ಷ ಬಡ್ಡಿ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಸಿ. ಕಚೇರಿಯವರು ಹಳೆಯ ಮೀಟರ್ ಬಿಚ್ಚಿ ಒಯ್ಯುವ ಮೊದಲೇ ಈ ಫೋಟೋ ನಿಮ್ಮ ಕೈಯಲ್ಲಿರಬೇಕು. ಶಾಖಾ ಕಚೇರಿಯಲ್ಲಿ ಮಾತು ಕೇಳದಿದ್ದರೆ ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರಿಗೆ ಬರೆದುಕೊಡಿ, ಅದಕ್ಕೂ ಮೇಲೆ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ. 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಪಡೆದಿಟ್ಟುಕೊಳ್ಳಿ.

ಹೆಸರು ಬದಲಾವಣೆಯನ್ನೂ ಇದರ ಜೊತೆಗೇ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಂಚಾಯಿತಿಯ ಇ-ಸ್ವತ್ತು (ಮನೆಯ ಆಸ್ತಿ ದಾಖಲೆ), ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಇಷ್ಟು ಕೇಳುತ್ತಾರೆ. ಚಿಕ್ಕಪ್ಪ, ಅತ್ತೆಯರ ಸಹಿ ಬೇಕಾದರೆ ಹಬ್ಬಕ್ಕೆ ಎಲ್ಲರೂ ಸೇರಿದಾಗಲೇ ಹಾಕಿಸಿಕೊಳ್ಳಿ.

ನೀವು ಕೇಳದೇ ಇರುವ ಒಂದು ವಿಷಯ ಇದೆ, ನನಗೆ ಅದೇ ಮುಖ್ಯ. ಕಂಬದಿಂದ ಮೀಟರ್ ತನಕ ಕಂಪನಿಯವರ ಜವಾಬ್ದಾರಿ, ಮೀಟರಿನಿಂದ ಈಚೆಗೆ ನಿಮ್ಮದು. ಫ್ಯೂಸ್ ಹಾಕಲು ಲೈನ್‌ಮನ್‌ಗೆ ಹತ್ತು ನಿಮಿಷ ಸಾಕು. ಎಂಟು ವರ್ಷ ಇಲಿ, ಗೆದ್ದಲು, ಮಳೆಗೆ ಬಿಟ್ಟ ವೈರಿಂಗ್‌ಗೆ ಆ ಹತ್ತು ನಿಮಿಷದಲ್ಲಿ ಕರೆಂಟ್ ನುಗ್ಗುತ್ತದೆ. ನಮ್ಮ ಭಾವ ಆಗ, “ಫ್ಯೂಸ್ ಹಾಕಿಸಿ, ಎಲ್ಲಿ ಸುಡ್ತದೋ ಆಮೇಲೆ ನೋಡ್ಕೊಂಡ್ರಾಯ್ತು” ಅಂದಿದ್ದರು. ನಾನು ಒಪ್ಪಲಿಲ್ಲ. ಪೇಟೆಯಿಂದ ಲೈಸೆನ್ಸ್ ಇರುವ ವೈರ್‌ಮನ್ ಒಬ್ಬರನ್ನು ಕರೆಸಿದೆ.

ಅವರು ಬಂದವರೇ ಒಳಗೆ ಹೋಗಲಿಲ್ಲ. ಮನೆಯ ಹಿಂದೆ, ಬಚ್ಚಲುಮನೆಯ ಪಕ್ಕ ನೆಲಕ್ಕೆ ಇಳಿದಿದ್ದ, ಸೋರಿದ ಕರೆಂಟನ್ನು ಮಣ್ಣಿಗೆ ಸಾಗಿಸುವ ಅರ್ಥಿಂಗ್ ತಂತಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತರು. ನೋಡಲು ಗಟ್ಟಿಯಾಗೇ ಇತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರು, ತಂತಿ ಬೇರು ಕೊಳೆತ ಗಿಡದ ಹಾಗೆ ಸಲೀಸಾಗಿ ಮೇಲೆ ಬಂತು. ಮಣ್ಣು ಶುರುವಾಗುವ ಜಾಗದಲ್ಲೇ ತುಕ್ಕು ತಿಂದು ತುಂಡಾಗಿತ್ತು. “ಇದು ಎಷ್ಟು ವರ್ಷದಿಂದ ಹೀಗಿದೆಯೋ, ನಿಮ್ಮ ಅಜ್ಜಿ ಕೈ ತೊಳೆಯುವಾಗಲೂ ಹೀಗೇ ಇತ್ತೋ ಏನೋ” ಅಂದರು. ಆ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಒಳಗೆ ಮರದ ಪಟ್ಟಿಯ ವೈರಿಂಗ್. ಜಗಲಿಯ ಸ್ವಿಚ್ ಪೆಟ್ಟಿಗೆ ತೆಗೆದರೆ ತುಂಬಾ ಕಡಜದ ಮಣ್ಣಿನ ಗೂಡು. ಅಟ್ಟದಲ್ಲಿ ಎರಡು ಅಡಿ ಉದ್ದ ವೈರಿನ ಸಿಪ್ಪೆಯನ್ನು ಇಲಿ ಪೂರ್ತಿ ತಿಂದಿತ್ತು, ಬರಿಯ ತಂತಿ ಒಣಹುಲ್ಲಿನ ಪಕ್ಕ ಮಲಗಿತ್ತು. ವೈರಿನಿಂದ ಕರೆಂಟ್ ಸೋರುತ್ತದೆಯೇ ಎಂದು ನೋಡುವ ಮೆಗ್ಗರ್ ಇಟ್ಟು 500 ವೋಲ್ಟ್‌ನಲ್ಲಿ ಪರೀಕ್ಷೆ ಮಾಡಿದರು. ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಲೈನ್ ಸರಿಯಿಲ್ಲ ಎಂದರ್ಥ. ಬಚ್ಚಲಿನ ಲೈನಿನಲ್ಲಿ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ. ಭಾವನವರ ಮಾತು ಕೇಳಿ ಫ್ಯೂಸ್ ಹಾಕಿಸಿದ್ದರೆ ಅಟ್ಟದ ಹುಲ್ಲಿಗೆ ಕಿಡಿ ಬೀಳುತ್ತಿತ್ತೋ, ಬಚ್ಚಲಿನ ನಲ್ಲಿಗೆ ಕರೆಂಟ್ ಬರುತ್ತಿತ್ತೋ ಯಾರಿಗೆ ಗೊತ್ತು.

ಆದ್ದರಿಂದ ದುಡ್ಡು ಇರುವುದು ಕಡಿಮೆಯಾದರೆ ಅದನ್ನು ಮೊದಲು ಅರ್ಥಿಂಗ್‌ಗೆ, ಆಮೇಲೆ ಆರ್‌ಸಿಸಿಬಿಗೆ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಹಾಕಿ. ಫ್ಯಾನ್, ಹೊಸ ಸ್ವಿಚ್ಚು ಎಲ್ಲ ನಂತರ. ಆರ್‌ಸಿಸಿಬಿ 30 ಮಿಲಿ ಆಂಪಿಯರಿನದ್ದೇ ಇರಲಿ. ಬೆಂಕಿಗೆಂದು ಮಾಡಿದ 100, 300 ಮಿಲಿ ಆಂಪಿಯರಿನದು ಮನುಷ್ಯರ ಜೀವ ಉಳಿಸಲಾರದು. ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್ಚು, ಎಂಸಿಬಿ ಇದೆಯಲ್ಲ ಎನ್ನುತ್ತಾರೆ. ಎಂಸಿಬಿ ವೈರ್ ಕಾಯುತ್ತದೆ, ಶಾಕ್ ಹೊಡೆದವರನ್ನು ಕಾಯುವುದಿಲ್ಲ. ಅರ್ಥಿಂಗ್‌ಗೆ ನಾವು ಆಳುದ್ದ ಗುಂಡಿ ತೆಗೆಸಿ ಜಿಐ ಪೈಪ್ ನಿಲ್ಲಿಸಿ ಸುತ್ತ ಇದ್ದಿಲು, ಉಪ್ಪು ಪದರಪದರವಾಗಿ ತುಂಬಿಸಿದೆವು. ನಮ್ಮದು ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಕಲ್ಲಿನ ಹಾಗೆ ಒಣಗುತ್ತದೆ. ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯುತ್ತೇವೆ.

ವೈರಿಂಗ್ ಮುಗಿದ ಮೇಲೆ ಆ ಕೆಲಸ ಮಾಡಿದ ಲೈಸೆನ್ಸ್ ಇರುವ ಗುತ್ತಿಗೆದಾರರೇ ಕೆಲಸ ಸರಿಯಾಗಿ ಮುಗಿದಿದೆ ಎಂಬ ಕಂಪ್ಲೀಶನ್ ರಿಪೋರ್ಟ್ ಕೊಡುತ್ತಾರೆ. ಕಚೇರಿಯಲ್ಲೂ ಅದನ್ನೇ ಕೇಳುವುದು. ಅಲ್ಲಿಯ ತನಕ ಪಕ್ಕದ ಮನೆಯಿಂದ ವೈರ್ ಎಳೆದು ಪಂಪ್ ಓಡಿಸುವುದು ಬೇಡ. ಅದು ಕಾನೂನಿಗೂ ವಿರುದ್ಧ, ಸಿಕ್ಕಿಬಿದ್ದರೆ ಪಾಪ ಕೊಟ್ಟವರಿಗೂ ದಂಡ.

ಕರೆಂಟ್ ಬರುವ ದಿನ ಮೇನ್ ಜೊತೆ ಎಲ್ಲ ಎಂಸಿಬಿ ಇಳಿಸಿಟ್ಟಿರಿ. ಒಂದೊಂದಾಗಿ ಏರಿಸುತ್ತಾ ಬನ್ನಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಅದು ಬೀಳುತ್ತದೆಯೇ ನೋಡಿ. ಕೊನೆಯಲ್ಲಿ ಹಳೆಯ ಸಾಮಾನು. ನಮ್ಮಲ್ಲಿ ಅಜ್ಜಿಯ ಗ್ರೈಂಡರ್ ಸಿಕ್ಕಿಸಿದ ಕೂಡಲೇ ಆರ್‌ಸಿಸಿಬಿ ಬಿತ್ತು. ಮೋಟಾರಿಗೆ ತೇವ ಹಿಡಿದಿತ್ತು. ಈ ಕೆಲಸವೆಲ್ಲ ಮೇ ಒಳಗೆ ಮುಗಿಯುವ ಹಾಗೆ ಹೊರಡಿ. ಜೂನ್ ಹಿಡಿದರೆ ಲೈನ್‌ಮನ್‌ಗಳು ಬಿದ್ದ ಕಂಬ ಎಬ್ಬಿಸುವುದರಲ್ಲೇ ಇರುತ್ತಾರೆ. ಸರ್ವಿಸ್ ವೈರಿನ ಮೇಲೆ ಹಲಸಿನ ಕೊಂಬೆ ಬಾಗಿದ್ದರೆ ನೀವೇ ಕಡಿಯಲು ಹೋಗಬೇಡಿ, ಅವರಿಗೇ ಹೇಳಿ.

ಖರ್ಚು ಕೇಳಿದ್ದಿರಿ. ಆರು ಕೋಣೆಯ ಮನೆಗೆ ವೈರಿಂಗ್, ಅರ್ಥಿಂಗ್ ಸೇರಿ ನಮಗೆ 46 ಸಾವಿರ ಆಯಿತು. ಕಚೇರಿಗೆ ಕಟ್ಟಿದ್ದು ಅದರ ಹತ್ತನೇ ಒಂದು ಪಾಲೂ ಇಲ್ಲ. ಗೃಹಜ್ಯೋತಿಗೆ ನೀವು ಈಗ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನೋಂದಾಯಿಸಿದ್ದರೆ ಅಲ್ಲಿಂದ ಡೀ-ಲಿಂಕ್ ಮಾಡಿಸಿ ಇಲ್ಲಿಗೆ ಹಾಕಿ. ಬಳಕೆಯ ಹಳೆಯ ಲೆಕ್ಕವಿಲ್ಲದ ಮನೆಗೆ 53 ಯೂನಿಟ್ ಮತ್ತು ಅದರ ಮೇಲೆ ಶೇ 10, ಅಂದರೆ ತಿಂಗಳಿಗೆ 58 ಯೂನಿಟ್ ಉಚಿತ ಎಂದು 2023ರಲ್ಲಿ ಸರ್ಕಾರ ಹೇಳಿತ್ತು. ಮೊದಲಿನಿಂದಲೇ 200 ಸಿಗುತ್ತದೆ ಎಂದು ಗೀಸರ್ ಹಾಕಿಸಬೇಡಿ.

ಮುಂದಿನ ಸಲ ಊರಿಗೆ ಹೋದಾಗ ಮೀಟರ್ ಪೆಟ್ಟಿಗೆ ತೆಗೆದು ನೋಡಿ, ಒಳಗೆ ಮೀಟರ್ ಇದೆಯೋ ಬರೀ ಕತ್ತರಿಸಿದ ವೈರಿನ ತುದಿ ನೇತಾಡುತ್ತಿದೆಯೋ ಇಲ್ಲೇ ಬರೆಯಿರಿ. ವೈರ್ ಮುಟ್ಟಬೇಡಿ. ಮೀಟರ್ ಇದ್ದರೆ ಯಾವ ಅರ್ಜಿ, ಇಲ್ಲದಿದ್ದರೆ ಯಾವುದು ಎಂದು ಅದನ್ನು ನೋಡಿ ಹೇಳುತ್ತೇನೆ.