ಒಂದು ಲೆಕ್ಕ, ಮೂರು ಉತ್ತರ: ಓದುಗರ ಪ್ರಶ್ನೆಗಳಿಗೆ ಪರಿಹಾರ

ಪ್ರಶ್ನೆ: ಹಾಸ್ಟೆಲ್‌ನಲ್ಲಿ ನಾಲ್ವರು ಸೇರಿ ಹೋಂವರ್ಕ್ ಮಾಡುತ್ತೇವೆ. ಒಂದು ಥೆವೆನಿನ್ ಲೆಕ್ಕ (ಇಡೀ ಸರ್ಕ್ಯೂಟನ್ನು ಒಂದು ಸೋರ್ಸ್, ಒಂದು ರೆಸಿಸ್ಟೆನ್ಸ್‌ಗೆ ಇಳಿಸುವುದು) ಎರಡು ದಿನದಿಂದ ಕಾಡುತ್ತಿದೆ. 12 ವೋಲ್ಟ್ ಸೋರ್ಸ್, ಅದರಿಂದ 4 ಓಮ್ ದಾಟಿ ‘ಎ’ ನೋಡ್. ‘ಎ’ಯಿಂದ ಗ್ರೌಂಡಿಗೆ 12 ಓಮ್. 4 ಓಮ್‌ನಲ್ಲಿ ‘ಎ’ ಕಡೆಗೆ ಹರಿಯುವ ಕರೆಂಟ್ ‘ಐಎಕ್ಸ್’. ಅದರ ಎರಡರಷ್ಟನ್ನು ಗ್ರೌಂಡಿನಿಂದ ‘ಎ’ಗೆ ತಳ್ಳುವ ಡಿಪೆಂಡೆಂಟ್ ಸೋರ್ಸ್ ಬೇರೆ ಇದೆ. ‘ಎ’ ಮತ್ತು ಗ್ರೌಂಡ್ ನಡುವಿನ ಥೆವೆನಿನ್ ರೆಸಿಸ್ಟೆನ್ಸ್ ನನಗೆ 3 ಓಮ್ ಬಂತು, ಗೆಳತಿಗೆ ಮೈನಸ್ 1.5. ಪುಸ್ತಕದಲ್ಲಿ 1.2 ಎಂದಿದೆ. ಯಾವುದು ಸರಿ?
— ಎಲೆಕ್ಟ್ರಿಕಲ್ ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ಪುಸ್ತಕದ್ದೇ ಸರಿ. ನಿಮ್ಮಿಬ್ಬರ ತಪ್ಪೂ ಬೇರೆ ಬೇರೆ.

ನಿಮ್ಮ 3 ಓಮ್ ಬಂದದ್ದು 4 ಮತ್ತು 12ನ್ನು ಪ್ಯಾರಲಲ್ ಮಾಡಿದ್ದರಿಂದ. ಅಂದರೆ 12 ವೋಲ್ಟ್ ಸೋರ್ಸಿನ ಜೊತೆಗೆ ಡಿಪೆಂಡೆಂಟ್ ಸೋರ್ಸನ್ನೂ ತೆಗೆದುಬಿಟ್ಟಿದ್ದೀರಿ. ಸೊನ್ನೆ ಮಾಡಬಹುದಾದದ್ದು ಸ್ವತಂತ್ರ ಸೋರ್ಸನ್ನು ಮಾತ್ರ. ಡಿಪೆಂಡೆಂಟ್ ಸೋರ್ಸ್ ಸರ್ಕ್ಯೂಟಿನದೇ ಗುಣ, ರೆಸಿಸ್ಟರ್ ಇದ್ದ ಹಾಗೆ. ಅದು ಇದ್ದಲ್ಲೇ ಇರಬೇಕು.

ಗೆಳತಿ ಅದನ್ನು ಉಳಿಸಿಕೊಂಡು, ‘ಎ’ಗೆ 1 ವೋಲ್ಟಿನ ಟೆಸ್ಟ್ ಸೋರ್ಸ್ ಹಾಕಿದ್ದಾರೆ. ದಾರಿ ಸರಿ, ಚಿಹ್ನೆ ತಪ್ಪಿದೆ. 12 ವೋಲ್ಟ್ ಶಾರ್ಟ್ ಆದ ಮೇಲೆ 4 ಓಮ್‌ನಲ್ಲಿ ಕರೆಂಟ್ ‘ಎ’ಯಿಂದ ಆಚೆಗೆ ಹರಿಯುತ್ತದೆ. ಬಾಣದ ಗುರುತು ಮಾತ್ರ ‘ಎ’ ಕಡೆಗೇ ಇದೆ. ಹಾಗಾಗಿ ಐಎಕ್ಸ್ ಮೈನಸ್ 0.25 ಆಂಪಿಯರ್. ಡಿಪೆಂಡೆಂಟ್ ಸೋರ್ಸೂ ತಿರುಗಿ, ‘ಎ’ಯಿಂದ 0.5 ಆಂಪಿಯರ್ ಎಳೆಯುತ್ತದೆ. 12 ಓಮ್‌ನಲ್ಲಿ 0.083. ಮೂರನ್ನೂ ಕೂಡಿದರೆ 0.833. ಒಂದನ್ನು ಅದರಿಂದ ಭಾಗಿಸಿ: 1.2 ಓಮ್. ಅವರು ಐಎಕ್ಸ್ ಅನ್ನು ಪ್ಲಸ್ 0.25 ಎಂದು ಹಿಡಿದಿದ್ದಾರೆ. ಹಾಗೆ ಹಿಡಿದರೆ ಒಟ್ಟು ಮೈನಸ್ 0.667 ಆಗಿ, ಉತ್ತರ ಮೈನಸ್ 1.5ಕ್ಕೆ ಹೋಗುತ್ತದೆ.

ಮೈನಸ್ ಬಂತೆಂದ ಮಾತ್ರಕ್ಕೆ ತಪ್ಪು ಎಂದುಕೊಳ್ಳಬೇಡಿ. ಡಿಪೆಂಡೆಂಟ್ ಸೋರ್ಸ್ ಇದ್ದಾಗ ನಿಜವಾಗಿಯೂ ಮೈನಸ್ ಬರಬಹುದು. ತಾಳೆ ನೋಡಲು ಇನ್ನೊಂದು ದಾರಿ ಹಿಡಿಯಿರಿ. ‘ಎ’ಯನ್ನು ಓಪನ್ ಬಿಟ್ಟಾಗ ಕೆಸಿಎಲ್ (ನೋಡ್‌ಗೆ ಬರುವ ಕರೆಂಟಿನಷ್ಟೇ ಹೊರಗೆ ಹೋಗಬೇಕು) ಪ್ರಕಾರ 12 ಓಮ್‌ನ ಕರೆಂಟ್ ಐಎಕ್ಸ್‌ನ ಮೂರರಷ್ಟು, ಬಿಡಿಸಿದರೆ 10.8 ವೋಲ್ಟ್. ಶಾರ್ಟ್ ಮಾಡಿದಾಗ 12 ಓಮ್‌ನಲ್ಲಿ ಏನೂ ಹರಿಯದು. ಐಎಕ್ಸ್ 3, ಡಿಪೆಂಡೆಂಟ್ 6, ಒಟ್ಟು 9 ಆಂಪಿಯರ್. 10.8 ÷ 9 = 1.2. ನಾಲ್ವರಿದ್ದೀರಲ್ಲ, ಇಬ್ಬರು ಟೆಸ್ಟ್ ಸೋರ್ಸಿನಲ್ಲಿ, ಇಬ್ಬರು ಓಪನ್-ಶಾರ್ಟಿನಲ್ಲಿ ಮಾಡಿ, ಕೊನೆಗೆ ಹೋಲಿಸಿ. ಒಬ್ಬರ ನೋಟ್‌ಬುಕ್ ನೋಡಿಕೊಂಡು ಉಳಿದವರು ಬರೆದರೆ ಚಿಹ್ನೆಯ ತಪ್ಪು ನಾಲ್ಕೂ ಕಡೆ ಹಾಗೇ ಕೂರುತ್ತದೆ.

ಪ್ರಶ್ನೆ: 5 ಎಚ್‌ಪಿ, 415 ವೋಲ್ಟ್, ತ್ರೀ ಫೇಸ್ ಪಂಪ್ ಮೋಟರ್. ಎಫಿಶಿಯೆನ್ಸಿ 85%, ಪವರ್ ಫ್ಯಾಕ್ಟರ್ (ವೋಲ್ಟೇಜ್-ಕರೆಂಟ್ ನಡುವಿನ ಕೋನದ ಕಾಸ್) 0.8. ಲೈನ್ ಕರೆಂಟ್ ಎಷ್ಟು? ಪವರ್ ಫ್ಯಾಕ್ಟರ್ 0.95 ಮಾಡಲು ಡೆಲ್ಟಾದಲ್ಲಿ (ಲೈನಿನಿಂದ ಲೈನಿಗೆ ಜೋಡಿಸಿ) ಎಷ್ಟು ಕೆಪಾಸಿಟರ್ ಬೇಕು? ನನ್ನ ಉತ್ತರ 6.5 ಆಂಪಿಯರ್, 34 ಮೈಕ್ರೋಫ್ಯಾರಡ್. ಎರಡೂ ತಪ್ಪು ಎನ್ನುತ್ತಾರೆ ಸೀನಿಯರ್.
— ಡಿಪ್ಲೊಮಾ ವಿದ್ಯಾರ್ಥಿ, ಹಿರಿಯೂರು

ಉತ್ತರ: ಸೀನಿಯರ್ ಹೇಳಿದ್ದು ನಿಜ. 5 ಎಚ್‌ಪಿ ಎನ್ನುವುದು ಶಾಫ್ಟಿನಲ್ಲಿ ಸಿಗುವ ಶಕ್ತಿ. ತೋಟದ ಮಾನೋಬ್ಲಾಕ್ ಪಂಪಿನ ನೇಮ್‌ಪ್ಲೇಟ್ ನೋಡಿ, 3.7 ಕಿಲೊವ್ಯಾಟ್ ಎಂದು ಬರೆದಿರುವುದೂ ಅದೇ. ಲೈನಿನಿಂದ ಎಳೆಯುವುದು ಅದಕ್ಕಿಂತ ಹೆಚ್ಚು: 3730 ÷ 0.85 = 4388 ವ್ಯಾಟ್. ಇದನ್ನು √3 × 415 × 0.8ರಿಂದ ಭಾಗಿಸಿದರೆ 7.63 ಆಂಪಿಯರ್. ಎಫಿಶಿಯೆನ್ಸಿ ಬಿಟ್ಟಿದ್ದಕ್ಕೇ ನಿಮಗೆ 6.5 ಬಂದದ್ದು. ಕೆಲವು ಪುಸ್ತಕಗಳು ಎಚ್‌ಪಿಗೆ 746ರ ಬದಲು 735.5 ವ್ಯಾಟ್ ಹಿಡಿಯುತ್ತವೆ, ಆಗ 7.52 ಬರುತ್ತದೆ. ಯಾವುದನ್ನು ಹಿಡಿದಿರಿ ಎಂದು ಮೊದಲ ಸಾಲಿನಲ್ಲೇ ಬರೆಯಿರಿ.

ಕೆಪಾಸಿಟರಿಗೂ 4388ನ್ನೇ ಹಿಡಿಯಬೇಕು. 0.8ರ ಕೋನದ ಟ್ಯಾನ್ 0.75, 0.95ರದು 0.329. ವ್ಯತ್ಯಾಸ 0.421. ಗುಣಿಸಿದರೆ ಸುಮಾರು 1.85 ಕೆವಿಎಆರ್ (ಕೆಪಾಸಿಟರ್ ಒದಗಿಸಬೇಕಾದ ರಿಯಾಕ್ಟಿವ್ ಪವರ್), ಫೇಸಿಗೆ 616 ವಿಎಆರ್. ಡೆಲ್ಟಾದಲ್ಲಿ ಪ್ರತಿ ಕೆಪಾಸಿಟರ್ ಮೇಲೆ ಪೂರ್ತಿ 415 ವೋಲ್ಟ್ ಇರುತ್ತದೆ. 616ನ್ನು 314 (50 ಹರ್ಟ್ಸ್‌ಗೆ 2πf) × 415 × 415ರಿಂದ ಭಾಗಿಸಿ: 11.4 ಮೈಕ್ರೋಫ್ಯಾರಡ್. ನೀವು 415ನ್ನು √3ರಿಂದ ಭಾಗಿಸಿ 240 ವೋಲ್ಟ್ ಹಾಕಿದ್ದೀರಿ, ಅದು ಸ್ಟಾರಿನ (ಲೈನಿನಿಂದ ನ್ಯೂಟ್ರಲಿಗೆ ಜೋಡಿಸುವ) ಲೆಕ್ಕ. ಆ 34 ಮೈಕ್ರೋಫ್ಯಾರಡನ್ನೇ ಡೆಲ್ಟಾದಲ್ಲಿ ಜೋಡಿಸಿದರೆ ಮೂರು ಪಟ್ಟು ಕೆವಿಎಆರ್ ಆಗಿ, ಪವರ್ ಫ್ಯಾಕ್ಟರ್ ಲೀಡಿಂಗ್ 0.89ಕ್ಕೆ ತಿರುಗುತ್ತದೆ.

ಇದು ಕಾಗದದ ಮೇಲಿನ ಲೆಕ್ಕ. ಮನೆಯ ಪಂಪಿಗೆ ಜೋಡಿಸಿ ನೋಡುವ ಆಸೆ ಬಂದರೆ ಅನುಭವಸ್ಥ ಎಲೆಕ್ಟ್ರಿಷಿಯನ್ ಜೊತೆಗಿರಲಿ. ಮೋಟರ್ ಟರ್ಮಿನಲಿಗೆ ಕೆಪಾಸಿಟರ್ ಹೆಚ್ಚಾದರೆ ಸ್ವಿಚ್ ಆಫ್ ಮಾಡಿದ ಮೇಲೂ ತಿರುಗುತ್ತಿರುವ ಮೋಟರ್ ತಾನೇ ವೋಲ್ಟೇಜ್ ಹುಟ್ಟಿಸಬಹುದು. ಡಿಸ್ಚಾರ್ಜ್ ರೆಸಿಸ್ಟರ್ ಇಲ್ಲದ ಕೆಪಾಸಿಟರಂತೂ ಮೇನ್ ಸ್ವಿಚ್ ಇಳಿಸಿದ ಮೇಲೂ ಜೋರಾಗಿ ಹೊಡೆಯುತ್ತದೆ.

ಪ್ರಶ್ನೆ: ವಾಟ್ಸ್‌ಆಪ್ ಗ್ರೂಪಿಗೆ ಲೆಕ್ಕದ ಫೋಟೊ ಕಳಿಸಿದರೆ ಯಾರೂ ಉತ್ತರಿಸುವುದಿಲ್ಲ. ಹೇಗೆ ಕೇಳಬೇಕು?
— ಓದುಗರು, ಚಳ್ಳಕೆರೆ

ಉತ್ತರ: ಬರೀ ಪ್ರಶ್ನೆಯ ಫೋಟೊ ಬಂದರೆ ಎಲ್ಲಿಂದ ಶುರು ಮಾಡಬೇಕೆಂದು ನೋಡಿದವರಿಗೆ ತಿಳಿಯದು. ಸರ್ಕ್ಯೂಟನ್ನು ನೀವೇ ದೊಡ್ಡದಾಗಿ ಬರೆಯಿರಿ. ಪ್ರತಿ ರೆಸಿಸ್ಟರಿಗೂ ಪ್ಲಸ್-ಮೈನಸ್, ಪ್ರತಿ ಕರೆಂಟಿಗೂ ಬಾಣ ಹಾಕಿ. ನೋಡ್‌ಗಳಿಗೆ ಹೆಸರು ಕೊಡಿ. ಕೆಳಗೆ ನೀವು ಬರೆದ ಸಮೀಕರಣ, ಬಂದ ಉತ್ತರ, ಬರಬೇಕಾದ ಉತ್ತರ. “ಎರಡನೇ ಸಮೀಕರಣದ ಚಿಹ್ನೆ ಸರಿಯೇ?” ಎಂದು ಒಂದೇ ವಿಷಯ ಕೇಳಿ. ಬಿಡುವಿಲ್ಲದವರೂ ಅಷ್ಟನ್ನು ನೋಡಿ ಹೇಳುತ್ತಾರೆ.

ಎಸಿ ಲೆಕ್ಕವಾದರೆ ಕಳಿಸುವ ಮೊದಲು ಕ್ಯಾಲ್ಕುಲೇಟರಿನಲ್ಲಿ ಕಾಸ್ 36.87 ಒತ್ತಿ ನೋಡಿ. 0.8 ಬರಬೇಕು. 0.68 ತೋರಿಸಿದರೆ ಅದು ರೇಡಿಯನ್ ಮೋಡಿನಲ್ಲಿದೆ. ಡಿಗ್ರಿಗೆ ಬದಲಿಸಿ ಮತ್ತೆ ಮಾಡಿ.